ಲೋಣಾರ್‌ನ ಚಿತ್ರ, ನಮ್ಮೂರ ಕೆರೆಗಳು

ಜಯನಗರದ ದೊಡ್ಡಪ್ಪ: ಮಹಾರಾಷ್ಟ್ರದ ಲೋಣಾರ್ ಸರೋವರ 2020ರಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿದ ಚಿತ್ರವನ್ನು ಕಳಿಸಿದ್ದೇನೆ, ಎಲ್ಲರೂ ನೋಡಿ. ಲಾಕ್‌ಡೌನ್‌ನಲ್ಲಿ ಜನರ ಓಡಾಟ ನಿಂತದ್ದರಿಂದ ಪ್ರಕೃತಿ ತನ್ನ ನಿಜರೂಪಕ್ಕೆ ಮರಳಿತೆಂದು ಅದರ ಕೆಳಗೆ ಬರೆದಿದ್ದಾರೆ. ಬೆಂಗಳೂರಿನ ಕೆರೆಗಳಿಗೂ ಬೇಲಿ ಹಾಕಿ, ಅಭಯಾರಣ್ಯವೆಂದು ಘೋಷಿಸಿ, ಒಬ್ಬರನ್ನೂ ಒಳಗೆ ಬಿಡದಿದ್ದರೆ ಅವು ತಾವಾಗಿಯೇ ಉಳಿದುಕೊಳ್ಳುತ್ತವೆ.

ನಾನು: ದೊಡ್ಡಪ್ಪ, ಚಿತ್ರ ನಿಜ, ಆದರೆ ಕೆಳಗಿನ ಬರಹ ತಪ್ಪು. ಆ ಬೇಸಿಗೆಯಲ್ಲಿ ನೀರು ತಗ್ಗಿ ಉಪ್ಪಿನಂಶ ಏರಿದಾಗ ಉಪ್ಪುನೀರಿನಲ್ಲಿ ಬದುಕುವ ಸೂಕ್ಷ್ಮಜೀವಿಗಳು ಹೆಚ್ಚಿ, ಅವುಗಳ ವರ್ಣದ್ರವ್ಯದಿಂದ ನೀರಿಗೆ ಆ ಬಣ್ಣ ಬಂದಿತೆಂದು ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆಯವರು ಪರೀಕ್ಷಿಸಿ ತಿಳಿಸಿದ್ದಾರೆ. ಲೋಣಾರ್ ವನ್ಯಜೀವಿ ಅಭಯಾರಣ್ಯವಾದದ್ದು 2000ದಲ್ಲಿ, ಲಾಕ್‌ಡೌನ್‌ಗೆ 20 ವರ್ಷ ಮೊದಲು.

ಯಲಹಂಕದ ಅತ್ತೆ: ಬಣ್ಣದ ಕಾರಣ ಏನೇ ಇರಲಿ, ಬೇಲಿಯ ವಿಷಯದಲ್ಲಿ ನಾನು ಅಣ್ಣನ ಪರ. ನಮ್ಮ ಪುಟ್ಟೇನಹಳ್ಳಿ ಕೆರೆಯನ್ನು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದರು. ಹಾವಕ್ಕಿ, ಬಣ್ಣದ ಕೊಕ್ಕರೆಗಳಿಗೆ ಗದ್ದಲವಿಲ್ಲದ ಜಾಗ ಬೇಕೇ ಬೇಕು.

ನಾನು: ಹಕ್ಕಿಗಳ ಮಾತು ಒಪ್ಪುತ್ತೇನೆ, ಅತ್ತೆ. ಆದರೆ ಲೋಣಾರ್ ಎಂಬುದು ಉಲ್ಕೆ ಅಪ್ಪಳಿಸಿ ಬಸಾಲ್ಟ್ ಬಂಡೆಯಲ್ಲಿ ಉಂಟಾದ, ಸುಮಾರು 1.8 ಕಿಲೋಮೀಟರ್ ಅಗಲದ ಕುಳಿ. ಒಳಗೆ ಬಂದ ನೀರು ಹರಿದು ಹೊರಹೋಗುವ ದಾರಿಯಿಲ್ಲದೆ ಆವಿಯಾಗುತ್ತದೆ, ಆದ್ದರಿಂದಲೇ ಅದು ಉಪ್ಪು ಮತ್ತು ಕ್ಷಾರದ ಸರೋವರ. ನಮ್ಮ ಕೆರೆಗಳನ್ನಾದರೋ ಜನ ಏರಿ ಕಟ್ಟಿ, ತೂಬು ಇಟ್ಟು, ಒಂದು ಕೆರೆಯ ಕೋಡಿ ಬಿದ್ದ ನೀರು ರಾಜಕಾಲುವೆಯಲ್ಲಿ ಹರಿದು ಇನ್ನೊಂದನ್ನು ತುಂಬುವಂತೆ ಸರಪಣಿಯಾಗಿ ಮಾಡಿದರು. ಹೂಳೆತ್ತುವವರಿಲ್ಲದಿದ್ದರೆ ಅಂಥ ಕೆರೆ ಕಾಡಾಗುವುದಿಲ್ಲ, ಬಯಲಾಗುತ್ತದೆ. 2017ರಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡದ್ದಕ್ಕೆ ದಡದಲ್ಲಿ ನಡೆದಾಡುವವರು ಕಾರಣರಲ್ಲ. ಮೇಲಿನಿಂದ ಕೊಳಚೆ ಹರಿದು ಬರುತ್ತಿದ್ದಾಗ ಬೇಲಿ ಯಾವುದನ್ನು ತಡೆಯುತ್ತಿತ್ತು?

ಜಯನಗರದ ದೊಡ್ಡಪ್ಪ: ಬೇಲಿಯಿಲ್ಲದ ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಇದಕ್ಕೆ ಏನು ಹೇಳುತ್ತೀಯ?

ನಾನು: ಅವೆರಡೂ ನನ್ನ ಮಾತಿಗೇ ಸಾಕ್ಷಿ, ದೊಡ್ಡಪ್ಪ. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂದ ಮೇಲೆ ಪೇಟೆಯವರಿಗೆ ಆ ಕೆರೆಗಳ ಹಂಗು ಕಡಿಮೆಯಾಗುತ್ತಾ ಹೋಯಿತು. ಕೊಡ ಹಿಡಿದು ಹೋಗುವವರಿಲ್ಲದ ಕೆರೆ ಕಾಗದದಲ್ಲಿ ಖಾಲಿ ಜಾಗವಾಗಿ ಕಾಣಿಸಿತು. ಗದಗ ಜಿಲ್ಲೆಯ ಮಾಗಡಿ ಕೆರೆಯೂ ಮನುಷ್ಯರೇ ಕಟ್ಟಿದ್ದು. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ನಮ್ಮ ಕೆರೆಗಳಿಗೂ ರಕ್ಷಣೆ ಬೇಕೆಂದೇ ನಾನೂ ಬೇಡುತ್ತಿದ್ದೇನೆ, ಆದರೆ ಜನರನ್ನು ಹೊರಗಟ್ಟುವ ರಕ್ಷಣೆ ನನಗೆ ಸಮ್ಮತವಲ್ಲ.

ಯಲಹಂಕದ ಅತ್ತೆ: ಹಾಗಾದರೆ ಹಕ್ಕಿಗಳು ಗೂಡು ಕಟ್ಟುವ ಕಡೆ ಯಾರೂ ಹೋಗದಿರಲಿ, ಏರಿಯ ಮೇಲೆ ಮಾತ್ರ ಊರಿನವರು ನಡೆದಾಡಲಿ. ಕೊಳಚೆ ಬಂದರೆ ಮೊದಲು ಮೂಗಿಗೆ ತಿಳಿಯುವುದು ದಿನವೂ ನಡೆಯುವವರಿಗೇ.

ಜಯನಗರದ ದೊಡ್ಡಪ್ಪ: ಲಾಕ್‌ಡೌನ್ ಬಗೆಗಿನ ಆ ಬರಹವನ್ನು ಈಗಲೇ ಅಳಿಸುತ್ತೇನೆ. ಬೇಲಿಯ ಮಾತನ್ನು ಮಾತ್ರ ಬಿಡಲಾರೆ. ಅದನ್ನು ಕೆರೆಗೆ ಹಾಕುವುದು ಬೇಡವೆಂದಾದರೆ ರಾಜಕಾಲುವೆಯ ಎರಡೂ ದಂಡೆಗೆ ಹಾಕಲಿ, ಅಲ್ಲಿ ಯಾರೂ ಮನೆ ಕಟ್ಟದಂತೆ, ಕೊಳಚೆಯ ಕೊಳವೆ ಇಳಿಸದಂತೆ.