ಬಾವಲಿ ಹಿಕ್ಕೆಯ ಅಡಿಯಲ್ಲಿ ಎರಡು ಬಗೆಯ ಬಿಳಿ ಪುಡಿ: ಎರಡೂ ಒಂದೇ ಖನಿಜವೇ?

ಗುಹಾಸಂಚಾರಿ:
ಸುಣ್ಣಕಲ್ಲಿನ ಗುಹೆಯೊಂದರಲ್ಲಿ ಬಾವಲಿ ಹಿಕ್ಕೆಯ ಹಳೆಯ ರಾಶಿಯಿದೆ. ಒಂದು ಬದಿ ಕುಸಿದು ಪದರಗಳು ಬಯಲಾಗಿವೆ. ಮೇಲಿನ ಕಂದು ಪದರದಲ್ಲಿ ಕೀಟಗಳ ರೆಕ್ಕೆಚೂರುಗಳು ಇನ್ನೂ ಮಿನುಗುತ್ತವೆ. ಹಿಕ್ಕೆ ಬಂಡೆಗೆ ತಾಗುವಲ್ಲಿ ಹಳದಿ ಛಾಯೆಯ ಬಿಳಿ ಹಕ್ಕಳೆ. ತಳದ ಜೇಡಿಮಣ್ಣಿನೊಳಗೆ ಹಿಟ್ಟಿನುಂಡೆಯಂಥ ಬಿಳಿ ಗಂಟುಗಳು, ಹಿಸುಕಿದರೆ ಪುಡಿ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟರೆ ಎರಡರಲ್ಲೂ ನೊರೆ ಬರಲಿಲ್ಲ, ಹಾಗಾಗಿ ಸುಣ್ಣಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟ್ ಅಲ್ಲ. ಜೊತೆಗಿದ್ದವರು ಎರಡೂ ಜಿಪ್ಸಂ ಎಂದು ಕೈತೊಳೆದುಕೊಂಡರು. ನನಗೇಕೋ ಒಪ್ಪಿಗೆಯಾಗುತ್ತಿಲ್ಲ.

ಹರಳುಪ್ರಿಯ:
ಒಪ್ಪಬೇಡಿ. ಕೊಳೆಯುವ ಹಿಕ್ಕೆಯಿಂದ ಫಾಸ್ಫೇಟ್ ತುಂಬಿದ ಆಮ್ಲೀಯ ನೀರು ಕೆಳಗಿಳಿಯುತ್ತದೆ. ಅದು ಯಾವುದನ್ನು ಮುಟ್ಟುತ್ತದೆ ಎಂಬುದರ ಮೇಲೆ ಖನಿಜ ನಿಂತಿದೆ. ಸುಣ್ಣಕಲ್ಲನ್ನು ಮುಟ್ಟಿದರೆ, ಆಮ್ಲೀಯತೆ ಉಳಿದಿರುವಷ್ಟು ಕಾಲ ಬ್ರಶೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟ್. ಕಲ್ಲಿನ ಸುಣ್ಣ ಆಮ್ಲವನ್ನು ತಣಿಸಿದ ಮೇಲೆ ಇನ್ನೊಂದು ಕ್ಯಾಲ್ಸಿಯಂ ಫಾಸ್ಫೇಟ್, ಹೈಡ್ರಾಕ್ಸಿಅಪಟೈಟ್. ಸಲ್ಫೇಟೂ ಸೇರಿಕೊಂಡರೆ ಆರ್ಡಿಯಲೈಟ್. ಇದನ್ನು 1932ರಲ್ಲಿ ರೊಮೇನಿಯಾದ ಚೊಕ್ಲೊವಿನಾ ಗುಹೆಯ ಹಿಕ್ಕೆಯಿಂದಲೇ ಮೊದಲು ವರ್ಣಿಸಿದರು.

ಜೇಡಿಮಣ್ಣನ್ನು ಮುಟ್ಟಿದರೆ ಕಥೆಯೇ ಬೇರೆ. ಅಲ್ಲಿ ಸಿಗುವುದು ಅಲ್ಯೂಮಿನಿಯಂ ಮತ್ತು ಪೊಟ್ಯಾಸಿಯಂ, ಹುಟ್ಟುವುದು ಅವೆರಡರ ಫಾಸ್ಫೇಟ್ ಆದ ತರನಾಕೈಟ್. ನಿಮ್ಮ ಗಂಟುಗಳು ಅದೇ ಎಂದು ಪಣ ಕಟ್ಟಬಲ್ಲೆ. ಅದರ ಸೂತ್ರದಲ್ಲಿ 18 ನೀರಿನ ಅಣುಗಳಿವೆ, ಸ್ಫಟಿಕ ಜಾಲದ ಒಂದು ಅಕ್ಷ ಸುಮಾರು 95 ಆಂಗ್‌ಸ್ಟ್ರಾಮ್‌ (ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ ಒಂದು ಆಂಗ್‌ಸ್ಟ್ರಾಮ್‌) ಉದ್ದ. ಒಳಗೆ ಇಷ್ಟು ವೈಭವವಿದ್ದೂ ಹೊರಗೆ ಮಾತ್ರ ಯಾರೂ ಎರಡನೇ ಸಲ ನೋಡದಂಥ ರೂಪ!

ಜೊತೆಗಿದ್ದವರ ಮೇಲೆ ಮುನಿಸು ಬೇಡ. ಬ್ರಶೈಟ್ ಮತ್ತು ಜಿಪ್ಸಂ ಎರಡೂ ಮೃದು, ಹರಳಿನ ರಚನೆಯೂ ಬಹುಮಟ್ಟಿಗೆ ಒಂದೇ. ಬರಿಗಣ್ಣಿಗೆ ಹೇಳಲಾಗದು.

ಪ್ರಯೋಗಶಾಲೆಯವ:
ಅಪ್ಪಣೆ ಪಡೆದು ಮಾದರಿ ತೆಗೆದರೆ ದಯವಿಟ್ಟು ಒಣಗಿಸಬೇಡಿ. ನೀರು ಕಳೆದುಕೊಂಡ ತರನಾಕೈಟ್ ಫ್ರಾಂಕೋಅನೆಲೈಟ್ ಆಗುತ್ತದೆ, ಬ್ರಶೈಟ್ ಮೊನೆಟೈಟ್ ಆಗುತ್ತದೆ. ಓವನ್‌ನಲ್ಲಿಟ್ಟು ಕಳುಹಿಸಿದರೆ ನಮ್ಮ ಮೇಜಿಗೆ ಬರುವುದು ಗುಹೆಯಲ್ಲಿ ಇಲ್ಲದಿದ್ದ ಖನಿಜ. ತೇವದೊಡನೆಯೇ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಹಕ್ಕಳೆ ಮತ್ತು ಗಂಟುಗಳನ್ನು ಬೇರೆಬೇರೆಯಾಗಿ. ಖನಿಜದ ಹೆಸರು ತಿಳಿಯಲು, ಎಕ್ಸ್‌-ರೇ ಹಾಯಿಸಿ ಹರಳಿನ ರಚನೆ ಗುರುತಿಸುವ ಎಕ್ಸ್‌-ರೇ ವಿವರ್ತನೆಯೇ ಬೇಕು. ಫಾಸ್ಫೇಟ್ ಇದೆಯೇ ಎಂದಷ್ಟೇ ನೋಡುವುದಾದರೆ, ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಅಮೋನಿಯಂ ಮಾಲಿಬ್ಡೇಟ್ ಹಾಕಿ ಬಿಸಿ ಮಾಡಿದಾಗ ಹಳದಿ ಗಷ್ಟು ಕೂರುತ್ತದೆ. ಅದನ್ನೂ ಪ್ರಯೋಗಾಲಯದಲ್ಲೇ ಮಾಡಿಸಿ.

ಇನ್ನೊಂದು: ಒಣ ಹಿಕ್ಕೆ ಕೆದಕುವಾಗ ಧೂಳು ತಡೆಯುವ ಮುಖಗವಸು ಇರಲಿ. ಹಿಸ್ಟೋಪ್ಲಾಸ್ಮಾ ಶಿಲೀಂಧ್ರ ಶ್ವಾಸಕೋಶಕ್ಕೆ ಇಳಿಯುತ್ತದೆ.

ಗುಹಾಸಂಚಾರಿ:
ಹಕ್ಕಳೆ, ಗಂಟು ಬೇರೆಬೇರೆ ಡಬ್ಬಿಗೆ, ಸರಿ. ಸುಣ್ಣಕಲ್ಲೇ ಇಲ್ಲದ ಲಾವಾ ಗುಹೆಯಲ್ಲಿ ಇದೇ ಹಿಕ್ಕೆ ಏನಾಗುತ್ತದೆ?

ಹರಳುಪ್ರಿಯ:
ಅಲ್ಲಿ ಲಾವಾ ಗಟ್ಟಿಯಾದ ಬಸಾಲ್ಟ್ ಶಿಲೆಯ ಮೆಗ್ನೀಸಿಯಂ ಕೈಹಾಕಿ ಮೆಗ್ನೀಸಿಯಂ ಫಾಸ್ಫೇಟ್‌ಗಳು ಹುಟ್ಟುತ್ತವೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಸ್ಕಿಪ್ಟನ್ ಗುಹೆಗಳನ್ನು ನೋಡಿ: ಸ್ಟ್ರುವೈಟ್, ನ್ಯೂಬೆರಿಯೈಟ್, ಹನ್ನಾಯೈಟ್. ಸ್ಟ್ರುವೈಟ್ ಮನುಷ್ಯನ ಮೂತ್ರಪಿಂಡದ ಕಲ್ಲುಗಳಲ್ಲೂ ಇರುತ್ತದೆ. ನ್ಯೂಬೆರಿಯೈಟ್ ಅನ್ನು ಜಗತ್ತಿಗೆ ಮೊದಲು ತೋರಿಸಿದ್ದೇ ಆ ಗುಹೆಗಳು.