ಈ ವಾರದ ಸಮಸ್ಯೆ: ಕಿವಿಯಿಂದಲೆ ಸವಿದಳಜ್ಜಿ ಹಪ್ಪಳ ಸವಿಯಂ

ಸಂಚಾಲಕಿ, ಮೈಸೂರು

ಎಲ್ಲರಿಗೂ ನಮಸ್ಕಾರ. ಈ ಸಲ ಕಂದಪದ್ಯದ ಕೊನೆಯ ಸಾಲು ಕೊಡುತ್ತಿದ್ದೇನೆ:

ಕಿವಿಯಿಂದಲೆ ಸವಿದಳಜ್ಜಿ ಹಪ್ಪಳ ಸವಿಯಂ

ಸವಿಯುವುದು ನಾಲಿಗೆ. ಕಿವಿ ಹೇಗೆ ಸವಿಯುತ್ತದೆ? ಅದನ್ನು ನೀವು ಹೇಳಬೇಕು. ಮೊದಲ ಮೂರು ಸಾಲು ನಿಮ್ಮದು.

ಹೊಸಬರಿಗೆ ಒಂದು ಮಾತು. 1 ಮತ್ತು 3ನೇ ಸಾಲಿಗೆ 12 ಮಾತ್ರೆ, 2 ಮತ್ತು 4ನೇ ಸಾಲಿಗೆ 20. ಲಘು ಅಕ್ಷರಕ್ಕೆ ಒಂದು ಮಾತ್ರೆ, ಗುರುವಿಗೆ ಎರಡು. ಎಲ್ಲವೂ ನಾಲ್ಕು ಮಾತ್ರೆಯ ಗಣ. ಎರಡನೇ ಸಾಲಿನ ಮೂರನೇ ಗಣ ಜಗಣವೋ (ಲಘು, ಗುರು, ಲಘು) ಸರ್ವಲಘುವೋ (ನಾಲ್ಕೂ ಲಘು) ಆಗಿರಬೇಕು, ಸಾಲಿನ ಕೊನೆಗೆ ಗುರು ಬೇಕು. ಆದಿಪ್ರಾಸ 'ವ', ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರ ಅದರದೇ ಆಗಿರಬೇಕು. ಮೊದಲ ಅಕ್ಷರ ಲಘು. ಹೆದರಬೇಡಿ, ಅಡುಗೆಮನೆಯಲ್ಲೇ ಪ್ರಾಸ ಸಿಗುತ್ತದೆ: ರವೆ, ಅವರೆ, ಅವಲಕ್ಕಿ, ದವಡೆ, ತವರು.

ಇನ್ನೊಂದು ಕೋರಿಕೆ. ಗರಿಗರಿ, ಕುರುಕುರು, ಕರಕರ ಈ ಮೂರೂ ಒಂದೇ ಅಂದುಕೊಂಡು ಮಾತ್ರೆ ತುಂಬಿಸಲು ಸುಮ್ನೆ ಹಾಕಬೇಡಿ. ಒಂದೊಂದಕ್ಕೂ ಅದರದೇ ಸದ್ದು ಇದೆ. ಬಾಯಲ್ಲಿ ಹೇಳಿ ನೋಡಿ, ಆಮೇಲೆ ಬರೆಯಿರಿ.

ತುಮಕೂರಿನಿಂದ

ನನ್ನ ಪೂರಣ, ಅಕ್ಕ:

ಸವೆದಿರೆ ಹಲ್ಲುಗಳೆಲ್ಲಂ
ತವರಿಗೆ ಬಂದವಳ ಮಗುವು ಕುರುಕುರು ಮೆಲ್ಲಲ್ |
ಎವೆಯಿಕ್ಕದೆ ಕೇಳುತ್ತಾ
ಕಿವಿಯಿಂದಲೆ ಸವಿದಳಜ್ಜಿ ಹಪ್ಪಳ ಸವಿಯಂ ||

ಅಜ್ಜಿಗೆ ಹಲ್ಲಿಲ್ಲ. ಮಗಳು ಮಗುವನ್ನು ಕರೆದುಕೊಂಡು ತವರಿಗೆ ಬಂದಿದ್ದಾಳೆ. ಮಗು ತಿನ್ನುತ್ತದೆ, ಅಜ್ಜಿ ಕೇಳುತ್ತಾಳೆ.

ಸಂಚಾಲಕಿ

ಶುರುವಿಗೇ ಎಷ್ಟು ಚೆಂದದ ಪದ್ಯ! 'ಎವೆಯಿಕ್ಕದೆ ಕೇಳುತ್ತಾ' ಅನ್ನುವುದು ನನ್ನ ಮನಸ್ಸಲ್ಲೇ ಉಳಿಯಿತು. ಎವೆ ಕಣ್ಣಿನದು, ಕೇಳುವುದು ಕಿವಿ. ತುಂಬಾ ಇಷ್ಟಪಟ್ಟು ಕೇಳುವಾಗ ನಾವು ನಿಜವಾಗಿಯೂ ರೆಪ್ಪೆ ಬಡಿಯುವುದಿಲ್ಲ. 'ಬಂದವಳ ಮಗುವು' ಕೂಡ ಸರಿಯಾಗಿ ಕೂತಿದೆ. ಸರ್ವಲಘು ಗಣದಲ್ಲಿ ಮೊದಲ ಲಘು ಆದಮೇಲೆ ಪದ ಮುರಿಯಬೇಕು. ಇಲ್ಲಿ 'ಳ' ಮುಗಿದು 'ಮಗುವು' ಶುರುವಾಗುತ್ತದೆ.

ಪದದ ಆಯ್ಕೆಯೂ ಸರಿ. ಹಪ್ಪಳ ತಟ್ಟೆಯಲ್ಲಿ ಇರುವಾಗ ಗರಿಗರಿ. ಬಾಯಿಗೆ ಹೋದಮೇಲೆ ಕುರುಕುರು. ಗರಿಗರಿ ಅನ್ನುವುದು ವಸ್ತುವಿನ ಗುಣ, ತಿನ್ನುವ ಮೊದಲೇ ಕಣ್ಣಿಗೂ ಬೆರಳಿಗೂ ಗೊತ್ತಾಗುತ್ತದೆ. ಅದಕ್ಕೇ ಗಂಜಿ ಹಾಕಿ ಇಸ್ತ್ರಿ ಮಾಡಿದ ಪಂಚೆಯೂ ಗರಿಗರಿ, ಬ್ಯಾಂಕಿನಿಂದ ಈಗಷ್ಟೇ ಬಂದ ನೋಟೂ ಗರಿಗರಿ. ಕುರುಕುರು ಪಂಚೆ ಅಂತ ಯಾರೂ ಹೇಳಲ್ಲ, ಅಲ್ವಾ? ಕುರುಕುರು ಆಗಲು ಹಲ್ಲು ಬೇಕು. ಈ ಪದ್ಯದಲ್ಲಿ ಹಲ್ಲು ಮಗುವಿನದು, ಸದ್ದು ಅಜ್ಜಿಯದು.

ದಾವಣಗೆರೆಯಿಂದ

ಅಕ್ಕಾ, ಇದು ನನ್ನ ಎರಡನೇ ಕಂದ. ತಪ್ಪಿದ್ದರೆ ತಿದ್ದಿ.

ಅವಸರದೊಳು ಮಂಡಕ್ಕಿಯ
ಸವಿಯುತೆ ಮೊಮ್ಮಕ್ಕಳಿರಲು ಕರಕರ ಸದ್ದಿಂ |
ನೆವದಿಂ ನೆನೆಯುತೆ ಹಳೆಯದ
ಕಿವಿಯಿಂದಲೆ ಸವಿದಳಜ್ಜಿ ಹಪ್ಪಳ ಸವಿಯಂ ||

ಸಂಚಾಲಕಿ

ತಮ್ಮಾ, ಯೋಚನೆ ತುಂಬಾ ಹೊಸದು. ಮಕ್ಕಳು ತಿನ್ನುವುದು ಮಂಡಕ್ಕಿ, ಅಜ್ಜಿಗೆ ನೆನಪಾಗುವುದು ಹಪ್ಪಳ. ಆ ಸದ್ದಿನ ನೆವದಿಂದ ಹಳೆಯ ರುಚಿ ಬಾಯಿಗೆ ಬರುತ್ತದೆ. ಮಾತ್ರೆ ಎಲ್ಲೂ ತಪ್ಪಿಲ್ಲ. ತಿದ್ದಬೇಕಾದ್ದು ಎರಡು.

'ಮೊಮ್ಮಕ್ಕಳಿರಲು' ಅನ್ನುವಲ್ಲಿ ಎರಡನೇ ಸಾಲಿನ ಮೂರನೇ ಗಣ 'ಕ್ಕಳಿರಲು'. ಸರ್ವಲಘು ಏನೋ ಹೌದು, ಆದರೆ ಮೊದಲ ಲಘುವಿನ ಹತ್ತಿರ ಪದ ಮುರಿಯುತ್ತಿಲ್ಲ. ಓದುವಾಗ ಅಲ್ಲಿ ಎಡವಿದಂತೆ ಆಗುತ್ತದೆ.

ಎರಡನೆಯದು ನನಗೆ ಹೆಚ್ಚು ಮುಖ್ಯ. ಮಂಡಕ್ಕಿ ಕರಕರ ಅನ್ನುತ್ತದಾ? ಒಂದು ಹಿಡಿ ಬಾಯಿಗೆ ಹಾಕಿಕೊಂಡು ನೋಡಿ. ಅದರೊಳಗೆ ಗಾಳಿಯೇ ಜಾಸ್ತಿ, ಹಲ್ಲು ತಾಗಿದ ಕೂಡಲೇ ಕುಸಿಯುತ್ತದೆ. ಕರಕರಕ್ಕೆ ಇನ್ನೂ ಗಟ್ಟಿ ಬೇಕು. ಕೋಡುಬಳೆ, ಹುರಿಗಡಲೆ, ಕಲ್ಲುಸಕ್ಕರೆ ಇವೆಲ್ಲ ಕರಕರ. ಮತ್ತೆ ನಿಮ್ಮೂರಲ್ಲಿ ಮಂಡಕ್ಕಿ ಒಂದೇ ಬಗೆಯದಲ್ಲವಲ್ಲ, ಯಾವುದು ಇದು?

ದಾವಣಗೆರೆಯಿಂದ

ಹೌದಕ್ಕಾ, ಅದನ್ನು ಹೇಳಲೇಬೇಕಿತ್ತು. ಒಗ್ಗರಣೆ ಮಂಡಕ್ಕಿ ಆದರೆ ನೀರಲ್ಲಿ ಅದ್ದಿ ಹಿಂಡಿರುತ್ತೇವೆ. ಮೆತ್ತಗಿರುತ್ತದೆ, ಸದ್ದೇ ಇಲ್ಲ. ನಾನು ಅಂದುಕೊಂಡಿದ್ದು ನರ್ಗಿಸ್ ಮಂಡಕ್ಕಿ. ಪುಟಾಣಿ ಪುಡಿ ಹಾಕಿ ಒಣಗಿದ್ದಂತೆಯೇ ಕಲಸಿದ್ದು. ಜೊತೆಗೆ ಮಿರ್ಚಿ. ಈಗ ತಿಂದು ನೋಡಿದೆ, ನೀವು ಹೇಳಿದ್ದು ಸರಿ, ಕುರುಕುರುವೇ. ಎರಡನೇ ಸಾಲು ಹೀಗೆ ತಿದ್ದಿದ್ದೇನೆ:

ಸವಿಯುತ್ತಿರೆ ಮಕ್ಕಳೆಲ್ಲ ಕುರುಕುರು ಸದ್ದಿಂ

ಸಂಚಾಲಕಿ

'ಕ್ಕಳೆಲ್ಲ' ಜಗಣ. ಈಗ ಓಟ ಸಲೀಸಾಯಿತು. ಮೊಮ್ಮಕ್ಕಳು ಹೋಗಿ ಮಕ್ಕಳಾದರೂ ಅರ್ಥಕ್ಕೇನೂ ಕೊರತೆ ಇಲ್ಲ, ಅಜ್ಜಿ ಅಲ್ಲೇ ಇದ್ದಾಳೆ.

ಧಾರವಾಡದಿಂದ, ನಿವೃತ್ತ ಕನ್ನಡ ಮೇಷ್ಟ್ರು

ಪದ್ಯ ಆಮೇಲೆ. ಮೊದಲು ವ್ಯಾಕರಣದ ಒಂದು ಮಾತು. ಕರಕರ, ಪಟಪಟ, ಚುರುಚುರು ಇವನ್ನೆಲ್ಲ ಅನುಕರಣಾವ್ಯಯ ಅಂತ ಶಾಲೆಯಲ್ಲಿ ಕಲಿಸುತ್ತಿದ್ದೆ. ಕಿವಿಗೆ ಕೇಳಿದ್ದನ್ನೇ ಪದವಾಗಿ ಹೇಳುವುದು. 'ಮನೆಮನೆ', 'ದೊಡ್ಡದೊಡ್ಡ' ಇವು ದ್ವಿರುಕ್ತಿ. ಅಲ್ಲಿ ಒಂದೊಂದು ಪದಕ್ಕೂ ಅರ್ಥ ಇದೆ, ಒತ್ತಿ ಹೇಳಲು ಎರಡು ಸಲ ಹೇಳುತ್ತೇವೆ. ಅನುಕರಣದಲ್ಲಿ ಅರ್ಧ ತೆಗೆದರೆ ಅರ್ಥವೇ ಉಳಿಯುವುದಿಲ್ಲ.

ಸ್ವರ ಬದಲಾದರೆ ಏನಾಗುತ್ತದೆ ನೋಡಿ. ಕುರುಕುರು ಅಂದರೆ ಹಗುರ. ಕರಕರ ಅಂದರೆ ಗಟ್ಟಿ. ಕಿರಿಕಿರಿ ಅಂದರೆ ಅನ್ನದಲ್ಲಿ ಮರಳು ಸಿಕ್ಕ ಹಾಗೆ, ಮನಸ್ಸಿಗೇ ಬೇಸರ. ಗರಿಗರಿಯ ಇಕಾರ ತೆಗೆದರೆ ಗರಗರ, ತಿಂಡಿ ಹೋಗಿ ಬುಗುರಿ ತಿರುಗಲು ಶುರುವಾಗುತ್ತದೆ. ವ್ಯಂಜನ ಅವೇ, ಒಂದು ಸ್ವರ ಸರಿದರೆ ಪದದ ಬಾಳೇ ಬೇರೆ. ಮೂವತ್ತು ವರ್ಷ ಪಾಠ ಮಾಡಿದರೂ ಇದು ನನಗೆ ಇವತ್ತಿಗೂ ಬೆರಗು.

ನಮ್ಮ ಕಡೆ ಇನ್ನೊಂದು ಪದ ಇದೆ: ಖಡಕ್. ಜೋಳದ ರೊಟ್ಟಿ ಬಿಸಿ ಇರುವಾಗ ಮೆತ್ತಗೆ. ಅದನ್ನೇ ಒಣಗಿಸಿಟ್ಟರೆ ಖಡಕ್ ರೊಟ್ಟಿ. ಅದನ್ನು ಗರಿಗರಿ ಅಂದರೆ ನಮಗೆ ಒಪ್ಪಿಗೆಯಾಗದು. ಗರಿಗರಿ ಅನ್ನುವಾಗ ತೆಳು ಅನ್ನುವ ಭಾವ ಇದೆ, ಎಣ್ಣೆಯ ನೆನಪೂ ಇದೆ. ಖಡಕ್ ಅಂದರೆ ಎಣ್ಣೆ ಇಲ್ಲದ, ಬಿಸಿಲಿನ ಗಟ್ಟಿತನ. ಚಹಾ ಖಡಕ್ ಆಗಬಹುದು, ಆಫೀಸರೂ ಖಡಕ್ ಆಗಬಹುದು.

ಸಂಚಾಲಕಿ

ಮೇಷ್ಟ್ರೇ, ನೀವು ಹೇಳಿದ ಕುರುಕುರು, ಕರಕರ, ಕಿರಿಕಿರಿ ಮೂರನ್ನೂ ನಾನು ಜೋರಾಗಿ ಹೇಳಿ ನೋಡಿದೆ. ಕರಕರ ಅನ್ನುವಾಗ ದವಡೆ ಅಗಲವಾಗಿ ತೆರೆಯುತ್ತದೆ. ಕುರುಕುರು ಅನ್ನುವಾಗ ತುಟಿ ಮುಚ್ಚಿದ ಹಾಗೆಯೇ, ಬಾಯೊಳಗೆ ಹಪ್ಪಳ ಇದ್ದಂತೆಯೇ. ಧನ್ಯವಾದ.

ಉಡುಪಿಯಿಂದ

ನನ್ನ ಅಜ್ಜಿಗೆ ಕಣ್ಣಿನ ಪೊರೆ ಬಂದಿತ್ತು. ಆದರೂ ಕರಿಯುವ ಕೆಲಸ ಬಿಟ್ಟುಕೊಡುತ್ತಿರಲಿಲ್ಲ. ಹಿಟ್ಟು ಎಣ್ಣೆಗೆ ಬಿದ್ದಾಗ ಅದರ ನೀರು ಆವಿಯಾಗಿ ಗುಳ್ಳೆ ಏಳುತ್ತದೆ, ಸದ್ದೂ ಬರುತ್ತದೆ. ನೀರು ಹೋದಂತೆ ಸದ್ದು ಅಡಗುತ್ತದೆ. ಚಕ್ಕುಲಿಗೆ ಅಷ್ಟು ಹೊತ್ತು ಕಾಯಬಹುದು. ಹಪ್ಪಳಕ್ಕೆ ಸಿಗುವುದು ಒಂದೆರಡು ಉಸಿರಿನಷ್ಟು ಹೊತ್ತು, ಅಷ್ಟೇ. ಅಷ್ಟರಲ್ಲೇ ಅವಳ ಜಾಲರಿ ಸೌಟು ಬಾಣಲೆಗೆ ಇಳಿದಿರುತ್ತಿತ್ತು.

ರವಮಡಗಲ್ಕೆಣ್ಣೆಯೊಳಗೆ
ಅವಳೆಣಿಕೆಗೆ ತಪ್ಪದಂತೆ ಗರಿಗರಿಯಾಗಲ್ |
ಕವಿದಿರೆ ಪೊರೆ ಕಣ್ಗಳಿಗಂ
ಕಿವಿಯಿಂದಲೆ ಸವಿದಳಜ್ಜಿ ಹಪ್ಪಳ ಸವಿಯಂ ||

ಸಂಚಾಲಕಿ

ಇಲ್ಲಿ ಗರಿಗರಿ ತನ್ನ ಜಾಗದಲ್ಲೇ ಇದೆ. ಬಾಯಿಗೆ ಹೋಗಿಲ್ಲ, ಹಲ್ಲಿಗೆ ಸಿಕ್ಕಿಲ್ಲ, ಬಾಣಲೆಯಲ್ಲೇ ಆ ಗುಣ ಬಂದಿದೆ. ಸದ್ದು ನಿಲ್ಲುವುದೇ ಗುರುತು ಅನ್ನುವುದು ಬಹಳ ಒಳ್ಳೆಯ ಕಲ್ಪನೆ. ಬೇರೆ ಪದ್ಯಗಳಲ್ಲಿ ಅಜ್ಜಿ ಸದ್ದು ಕೇಳುತ್ತಾಳೆ, ನಿಮ್ಮ ಅಜ್ಜಿ ಮೌನ ಕೇಳುತ್ತಾಳೆ. ಒಂದು ಸಣ್ಣ ಅನುಮಾನ ಮಾತ್ರ ಉಳಿಯಿತು. ಇಲ್ಲಿ ಕಿವಿ ಹದ ತಿಳಿಯಿತು ನಿಜ. ಸವಿಯಿತು ಅನ್ನಲು ಇನ್ನೊಂದು ಹೆಜ್ಜೆ ಬೇಕಿತ್ತೇನೋ.

ತುಮಕೂರಿನಿಂದ

ಅಕ್ಕ, ಕಿವಿ ಸವಿಯುವುದು ಅನ್ನುವುದು ಬರೀ ಕವಿಗಳ ಮಾತಾ, ನಿಜವಾಗಿಯೂ ಇದೆಯಾ?

ಸಂಚಾಲಕಿ

ನಿಜವಾಗಿಯೂ ಇದೆ. ಮ್ಯಾಸಿಮಿಲಿಯಾನೊ ಜಂಪಿನಿ ಮತ್ತು ಚಾರ್ಲ್ಸ್ ಸ್ಪೆನ್ಸ್ ಎಂಬ ಇಬ್ಬರು ವಿಜ್ಞಾನಿಗಳು 2004ರಲ್ಲಿ ಇದರ ಮೇಲೆ ಒಂದು ಪ್ರಬಂಧ ಪ್ರಕಟಿಸಿದರು. ಜನರ ಕಿವಿಗೆ ಹೆಡ್‌ಫೋನ್ ಹಾಕಿ ಆಲೂಗಡ್ಡೆ ಚಿಪ್ಸ್ ಕಚ್ಚಲು ಕೊಟ್ಟರು. ಕಚ್ಚಿದ ಸದ್ದನ್ನು ಮೈಕಿನಲ್ಲಿ ಹಿಡಿದು, ಅಲ್ಲೇ ಬದಲಿಸಿ, ಅವರಿಗೇ ಕೇಳಿಸಿದರು. ಸದ್ದು ಜೋರು ಮಾಡಿದಾಗ, ಅದರಲ್ಲೂ ಕೀಚಲು ಸ್ವರ ಹೆಚ್ಚಿಸಿದಾಗ, ಚಿಪ್ಸ್ ಹೆಚ್ಚು ಗರಿಗರಿ ಇದೆ, ಹೊಸದಾಗಿದೆ ಅಂದರು. ಸದ್ದು ತಗ್ಗಿಸಿದಾಗ ಮೆತ್ತಗಾಗಿದೆ, ಹಳೆಯದು ಅಂದರು. ಚಿಪ್ಸ್ ಮಾತ್ರ ಎಲ್ಲರಿಗೂ ಒಂದೇ ಥರದ್ದು. ಈ ಕೆಲಸಕ್ಕೆ 2008ರಲ್ಲಿ ಇಗ್ ನೊಬೆಲ್ ಬಹುಮಾನವೂ ಬಂತು.

ಅವರು ಹೆಡ್‌ಫೋನ್ ಹಾಕಿ ಕಂಡುಕೊಂಡದ್ದು ನಮ್ಮ ಭಾಷೆಯಲ್ಲಿ ಮೊದಲೇ ಇದೆ. ಕುರುಕಲು ತಿಂಡಿ ಅನ್ನುತ್ತೇವಲ್ಲ, ಅಲ್ಲಿ ಖಾರ ಸಿಹಿ ಏನನ್ನೂ ಹೇಳಿಲ್ಲ, ಸದ್ದನ್ನೇ ಹೆಸರಾಗಿ ಇಟ್ಟಿದ್ದೇವೆ.

ಸಾಗರದಿಂದ

ಇವತ್ತು ಇಲ್ಲಿ ಬೆಳಗಿನಿಂದ ಮಳೆ. ಹಲಸಿನ ಹಪ್ಪಳದ ಡಬ್ಬಿ ಇಳಿಸಿದ್ದೇವೆ. ಬೇಸಿಗೆಯಲ್ಲಿ ಬೆಳೆದ ಕಾಯಿಯ ತೊಳೆ ಬೇಯಿಸಿ, ಕುಟ್ಟಿ, ಉಂಡೆ ಮಾಡಿ, ಒತ್ತಿ, ಚಾಪೆಯ ಮೇಲೆ ಬಿಸಿಲಿಗೆ ಹಾಕಿದ್ದು. ಒಣಗಿದೆಯಾ ಅಂತ ನೋಡಲು ಅಮ್ಮಮ್ಮ ಒಂದನ್ನು ತೆಗೆದು ಅಂಚು ಮುರಿಯುತ್ತಿದ್ದಳು. ಬಾಗಿದರೆ ಇನ್ನೊಂದು ಬಿಸಿಲು. ಚಟ್ ಅಂದರೆ ಡಬ್ಬಿಗೆ. ಮಳೆಗಾಲದಲ್ಲಿ ಕರಿದಮೇಲೂ ಅದೇ ಪರೀಕ್ಷೆ. ಗಾಳಿ ತಾಗಿ ಮೆತ್ತಗಾದದ್ದನ್ನು ಅವಳು ಬಾಯಿಗೇ ಹಾಕುತ್ತಿರಲಿಲ್ಲ.

ಅವಲಕ್ಕಿಗೆಂದು ಮುರಿದಿರೆ
ಹವೆ ತೇವದೊಳಿದ್ದರೇನು ಚಟ್ಟೆಂದೊಡೆಯಲ್ |
ದವಡೆಗೆ ತಗುಲುವ ಮುನ್ನಂ
ಕಿವಿಯಿಂದಲೆ ಸವಿದಳಜ್ಜಿ ಹಪ್ಪಳ ಸವಿಯಂ ||

ಸಂಚಾಲಕಿ

ಈ ವಾರದ ಪದ್ಯಗಳಲ್ಲಿ ನನ್ನ ಮೆಚ್ಚುಗೆ ಇದಕ್ಕೇ ಹೆಚ್ಚು. ಸಮಸ್ಯೆಯ ಗಂಟನ್ನು 'ದವಡೆಗೆ ತಗುಲುವ ಮುನ್ನಂ' ಒಂದೇ ಸಾಲು ಬಿಡಿಸಿತು. ಅಜ್ಜಿಗೆ ಹಲ್ಲಿದೆ, ಕಣ್ಣಿದೆ, ಹಪ್ಪಳವೂ ಕೈಯಲ್ಲೇ ಇದೆ. ಏನೂ ಕೊರತೆ ಇಲ್ಲ. ಆದರೂ ಕಿವಿಯ ಸರದಿ ಮೊದಲು ಬಂತು. ಕೊರತೆ ಇದ್ದಾಗ ಕಿವಿಯನ್ನು ಕರೆಯುವುದು ಸುಲಭ. ಎಲ್ಲ ಇದ್ದೂ ಕಿವಿಯೇ ಮೊದಲು ಸವಿಯುತ್ತದೆ ಅನ್ನುವುದು ಕಷ್ಟ, ಅದನ್ನು ನೀವು ಮಾಡಿದ್ದೀರಿ.

ಪದವನ್ನೂ ಗಮನಿಸಿ. ಗರಿಗರಿಯೂ ಅಲ್ಲ, ಕುರುಕುರುವೂ ಅಲ್ಲ, ಚಟ್. ಜೋಡಿ ಇಲ್ಲ, ಒಂದೇ ಸಲ. ಬೆರಳಲ್ಲಿ ಮುರಿಯುವಾಗ ಸದ್ದು ಒಂದೇ. ಹಲ್ಲು ಮತ್ತೆ ಮತ್ತೆ ಕಚ್ಚುತ್ತದೆ, ಅದಕ್ಕೆ ಜೋಡಿಪದ. ಎರಡನೇ ಸಾಲಿನ ಕೊನೆಯ ಎರಡು ಗಣದಲ್ಲಿ 'ಚಟ್ಟೆಂ' ಅಂತ ಎರಡು ಗುರು ಒಟ್ಟಿಗೆ ಬಂದು, ಆಮೇಲೆ 'ದೊಡೆಯಲ್' ಬಿಡಿಬಿಡಿಯಾಗಿ ಚೂರಾಗುತ್ತದೆ. ಗಟ್ಟಿಯಾಗಿ ಓದಿ, ನಿಮಗೂ ಕೇಳಿಸುತ್ತದೆ.

ಧಾರವಾಡದ ಮೇಷ್ಟ್ರು

ಒಪ್ಪಿದೆ. ನಾನು ಬರೆದಿಟ್ಟಿದ್ದ ಪದ್ಯದಲ್ಲಿ ಅಜ್ಜಿಗೆ ಹಲ್ಲಿರಲಿಲ್ಲ. ಅದನ್ನು ತೆಗೆದು ಬೇರೆ ಬರೆಯುತ್ತೇನೆ.

ನ್ಯೂಜೆರ್ಸಿಯಿಂದ

ತಡವಾಯಿತು, ಕ್ಷಮಿಸಿ. ಇಲ್ಲಿ ಈಗ ರಾತ್ರಿ. ಸಾಗರದವರ ಪದ್ಯ ಓದಿ ಎದ್ದು ಹೋಗಿ ಡಬ್ಬಿ ತೆಗೆದೆ. ಹೋದ ಸಲ ಊರಿಂದ ತಂದ ಹಪ್ಪಳ ಇನ್ನು ಹತ್ತೋ ಹನ್ನೆರಡೋ ಉಳಿದಿದೆ. ಎರಡು ಕರಿದು ಅಜ್ಜಿಗೆ ಫೋನ್ ಮಾಡಿದೆ. ಆಮೇಲೆ ಬರೆದದ್ದು ಇದು:

ಅವನಿಯ ಮತ್ತೊಂದಂಚಿನೊ-
ಳವಳಿರೆ ಮೊಮ್ಮಗಳು ಫೋನಿನೊಳು ಕುರುಕೆನ್ನಲ್ |
ತವರಿನ ಡಬ್ಬಿಯದೆನ್ನುತೆ
ಕಿವಿಯಿಂದಲೆ ಸವಿದಳಜ್ಜಿ ಹಪ್ಪಳ ಸವಿಯಂ ||

ಸಂಚಾಲಕಿ

'ಅಂಚಿನೊಳ್ ಅವಳಿರೆ' ಅನ್ನುವುದು ಸಾಲು ದಾಟಿ ಹೋಗಿ, ಆ ದಾಟಿನಲ್ಲೇ ಪ್ರಾಸ ಕೂತಿದೆ. ಅಂಚಿನಿಂದ ಅಂಚಿಗೆ ಹೋಗುವ ಪದ್ಯಕ್ಕೆ ಇದು ಎಷ್ಟು ಹೊಂದುತ್ತದೆ! ಅಜ್ಜಿ ಏನಂದರು ಹೇಳಮ್ಮ.

ನ್ಯೂಜೆರ್ಸಿಯಿಂದ

ಮೊದಲು ಏನೂ ಹೇಳಲಿಲ್ಲ. ಎರಡನೇ ಸಲ ಕಚ್ಚಿದಾಗ, "ಇನ್ನೂ ಗರಿಗರಿ ಇದೆಯಲ್ಲೇ. ಮುಚ್ಚಳ ಗಟ್ಟಿ ಹಾಕಿಡು ಮಗಾ" ಅಂದಳು.