ಹೂಗಿಡದ ಎಲೆ ಹಳದಿಯಾಗಿದೆಯಾ? ಮೊದಲು ಯಾವ ಎಲೆ ಅಂತ ನೋಡಿ

ಪ್ರಶ್ನೆ (ತೀರ್ಥಹಳ್ಳಿ ಹತ್ತಿರದಿಂದ): ನಮಸ್ಕಾರ ಮೇಡಂ. ಜೇನು, ಚಿಟ್ಟೆ ಬರಲಿ ಅಂತ ಮನೆ ಮುಂದೆ ದಾಸವಾಳ, ಕೇಪಳ, ಚೆಂಡುಹೂ, ರಥಪುಷ್ಪ ಹಾಕಿದ್ದೇವೆ. ಪುಷ್ಯ ಮಳೆ ಬಿಡದೇ ಹೊಡೆದ ಮೇಲೆ ಒಂದೊಂದೇ ಗಿಡ ಹಳದಿಯಾಗುತ್ತಿದೆ. ದಾಸವಾಳದಲ್ಲಿ ಕೆಳಗಿನ ಎಲೆ. ಹೊಸ ಕಾಂಪೌಂಡ್ ಗೋಡೆ ಪಕ್ಕದ ಕೇಪಳದಲ್ಲಿ ತುದಿಯ ಎಲೆ. ಚೆಂಡುಹೂ ಅಂತೂ ಮಣ್ಣು ಒದ್ದೆ ಇದ್ದರೂ ಬಾಡಿ ನಿಂತಿದೆ. ಗೊಬ್ಬರ ಅಂತ ಒಲೆ ಬೂದಿ ಹಾಕುತ್ತಾ ಬಂದಿದ್ದೇವೆ. ಅಂಗಡಿಯಲ್ಲಿ ಯೂರಿಯಾ ಹಾಕಿ, ಜೊತೆಗೆ ಇಮಿಡಾಕ್ಲೋಪ್ರಿಡ್ ಅನ್ನೋ ಕೀಟನಾಶಕ ಹೊಡೀರಿ ಅಂದರು. ಅಡಿಕೆಯ ಹಳದಿ ಎಲೆ ರೋಗ ಇದಕ್ಕೂ ಬಂತಾ ಅಂತ ಅಮ್ಮನಿಗೆ ಭಯ.

ಉತ್ತರ: ಮೊದಲು ಅಮ್ಮನಿಗೆ ಧೈರ್ಯ ಹೇಳಿ. ಅಡಿಕೆಯ ಹಳದಿ ಎಲೆ ರೋಗ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಾಣುವಿನಿಂದ ಬರುವುದು. ನಿಮ್ಮ ಹೂಗಿಡಗಳ ಹಳದಿಗೂ ಅದಕ್ಕೂ ಸಂಬಂಧ ಇಲ್ಲ. ಆ ಔಷಧಿ ಬಾಟ್ಲಿ ಮಾತ್ರ ದಯವಿಟ್ಟು ತೆಗೆಯಲೇಬೇಡಿ. ಇಮಿಡಾಕ್ಲೋಪ್ರಿಡ್ ಗಿಡದ ರಸದಲ್ಲಿ ಸೇರಿ ಮಕರಂದಕ್ಕೂ ಪರಾಗಕ್ಕೂ ಹೋಗುತ್ತದೆ. ತುಡುವೆ ಜೇನು ಬರಲಿ ಅಂತ ಗಿಡ ನೆಟ್ಟು ಅದಕ್ಕೇ ವಿಷ ಇಟ್ಟ ಹಾಗಾಗುತ್ತದೆ. ಅಷ್ಟಕ್ಕೂ ನೀವು ಹೇಳಿದ್ದರಲ್ಲಿ ಹುಳದ ಸುದ್ದಿಯೇ ಇಲ್ಲವಲ್ಲ?

ನಿಮ್ಮಲ್ಲಿ ಮೂರು ಗಿಡಕ್ಕೆ ಮೂರು ಬೇರೆ ತೊಂದರೆ ಇರುವ ಹಾಗೆ ಕಾಣುತ್ತದೆ. ಒಂದೇ ಮದ್ದು ಎಲ್ಲದಕ್ಕೂ ಸುರಿದರೆ ಉಪಯೋಗವಿಲ್ಲ.

ಚೆಂಡುಹೂವೇ ಅರ್ಜೆಂಟ್. ಒದ್ದೆ ಮಣ್ಣಲ್ಲಿ ಗಿಡ ಬಾಡಿದೆ ಅಂದರೆ ಬೇರಿಗೆ ಗಾಳಿ ಸಿಗುತ್ತಿಲ್ಲ ಅಂತ ಅರ್ಥ. ಒಂದು ಗಿಡ ಕಿತ್ತು, ಬೇರು ತೊಳೆದು ನೋಡಿ. ಬೆಳ್ಳಗೆ ಗಟ್ಟಿ ಇದ್ದರೆ ಉಳಿಯುತ್ತದೆ. ಕಂದು ಬಣ್ಣದ ಬೇರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಮೇಲಿನ ಸಿಪ್ಪೆ ಜಾರಿ ಕೈಗೆ ಬಂದು ಒಳಗೆ ದಾರದಂಥ ಎಳೆ ಮಾತ್ರ ಉಳಿದರೆ, ಜೊತೆಗೆ ಕೆಟ್ಟ ವಾಸನೆ ಬಂದರೆ, ಬೇರು ಕೊಳೆತಿದೆ. ಮಲೆನಾಡಿನ ಮಳೆಗಾಲದಲ್ಲಿ ನನಗೆ ಬರುವ ಹಳದಿ ಎಲೆ ಪ್ರಶ್ನೆಗಳಲ್ಲಿ ಜಾಸ್ತಿ ಇದೇ. ಗೊಬ್ಬರದ ಕೊರತೆ ಆಮೇಲಿನ ಮಾತು.

ದಾಸವಾಳದ ಕೆಳಗಿನ ಎಲೆ ಇಡೀ ಒಂದೇ ಸಮ ಹಳದಿಯಾಗಿದ್ದರೆ ಸಾರಜನಕ ಸಾಲುತ್ತಿಲ್ಲ. ಸತತ ಮಳೆಗೆ ಅದು ತೊಳೆದು ಹೋಗುತ್ತದೆ. ಗಿಡ ಹಳೆ ಎಲೆಯಿಂದ ಎಳೆದುಕೊಂಡು ಚಿಗುರಿಗೆ ಕೊಡುತ್ತದೆ. ನರ ಹಸಿರಾಗಿಯೇ ಇದ್ದು ನಡುವೆ ಮಾತ್ರ ಹಳದಿಯಾದರೆ ಮೆಗ್ನೀಷಿಯಂ ಕೊರತೆ. ನಮ್ಮ ಹುಳಿ ಮಣ್ಣಲ್ಲಿ ಇದೂ ಸಾಮಾನ್ಯ. ಮೆಗ್ನೀಷಿಯಂ ಸಲ್ಫೇಟ್ ಲೀಟರಿಗೆ 5 ಗ್ರಾಂ ಕರಗಿಸಿ, ಮಳೆ ಬಿಟ್ಟ ಸಂಜೆ ಎಲೆಯ ಅಡಿಗೆ ಸಿಂಪಡಿಸಿ. ಸಾರಜನಕಕ್ಕೆ ಯೂರಿಯಾ ಈಗ ಬೇಡ, ಸುಮ್ನೆ ನೀರಲ್ಲಿ ಹೋಗುತ್ತದೆ. ಮಳೆ ಇಳಿದ ಮೇಲೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಕೊಡಿ. ಸಾರಜನಕ ಜಾಸ್ತಿಯಾದರೆ ಬರೀ ಸೊಪ್ಪು ಬೆಳೆದು ಹೂ ಕಡಿಮೆಯಾಗುತ್ತದೆ, ಹೇನೂ ಮುತ್ತುತ್ತದೆ.

ಕೇಪಳದ್ದು ಬೇರೆ ಕಥೆ. ತುದಿಯ ಹೊಸ ಎಲೆ ಹಳದಿ, ನರ ಮಾತ್ರ ಹಸಿರು, ಅಲ್ವಾ? ಅದು ಕಬ್ಬಿಣದ ಕೊರತೆ. ಕೆಂಪು ಮಣ್ಣಲ್ಲಿ ಕಬ್ಬಿಣ ಬೇಕಾದಷ್ಟಿದೆ, ಆದರೆ ಹುಳಿ ಕಡಿಮೆಯಾದರೆ ಬೇರಿಗೆ ಅದು ದಕ್ಕುವುದಿಲ್ಲ. ಹೊಸ ಗೋಡೆಯ ಸಿಮೆಂಟಿನಿಂದ ಸುಣ್ಣ ಇಳಿಯುತ್ತದೆ, ಮೇಲಿಂದ ನಿಮ್ಮ ಬೂದಿ. ಕೇಪಳಕ್ಕೆ ಹುಳಿ ಮಣ್ಣೇ ಬೇಕು. ಬೂದಿ ಇವತ್ತೇ ನಿಲ್ಲಿಸಿ. ಬುಡದ ಸಿಮೆಂಟ್ ಚೂರು ಹೆಕ್ಕಿ, ಕಳಿತ ದರಗು ಹಾಕಿ. ಬುಡಕ್ಕೆ ತಾಗಿಸಬೇಡಿ. ಮಳೆ ಬಿಡುವು ಕೊಟ್ಟಾಗ ಕಬ್ಬಿಣದ ಚೀಲೇಟ್ (ಗಿಡ ಸುಲಭವಾಗಿ ಹೀರಿಕೊಳ್ಳುವ ರೂಪದ ಕಬ್ಬಿಣ) ತಂದು, ಪ್ಯಾಕೆಟ್ ಮೇಲಿನ ಪ್ರಮಾಣದಲ್ಲಿ ಸಂಜೆ ಹೊತ್ತು ಸಿಂಪಡಿಸಿ. ಹಳದಿಯಾದ ಎಲೆ ಪೂರ್ತಿ ಹಸಿರಾಗದೇ ಇರಬಹುದು. ಮುಂದಿನ ಚಿಗುರು ನೋಡಿ ಲೆಕ್ಕ ಹಾಕಿ.

ಇನ್ನೊಬ್ಬರ ಪ್ರಶ್ನೆ (ಸಾಗರದಿಂದ): ಮೇಡಂ, ನಮ್ಮ ಈಶ್ವರಿ ಬಳ್ಳಿಯಲ್ಲಿ ಕೆಲವು ಎಲೆ ಹಳದಿ, ಉಳಿದದ್ದನ್ನು ಹುಳ ತಿಂದು ಮುಗಿಸುತ್ತಿದೆ. ಬೇವಿನೆಣ್ಣೆ ಹೊಡೆಯಬಹುದಾ?

ಉತ್ತರ: ಬೇಡ ಅಕ್ಕ, ಬೇವಿನೆಣ್ಣೆಯೂ ಬೇಡ! ಹುಳದ ಮೈ ಕಪ್ಪುಗೆಂಪು, ಮೇಲೆ ಮೆತ್ತನೆಯ ಮುಳ್ಳಿನಂಥ ಗುಬುಟು ಇದ್ದರೆ ಅದು ಚಿಟ್ಟೆಯ ಮರಿ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡುವುದು ಈಶ್ವರಿ ಬಳ್ಳಿಯ ಜಾತಿಗಳ ಮೇಲೇ. ಕ್ರಿಮ್ಸನ್ ರೋಸ್, ಕಾಮನ್ ರೋಸ್ ಚಿಟ್ಟೆಗಳದ್ದೂ ಹಾಗೇ. ನೀವು ಬಳ್ಳಿ ಬೆಳೆಸಿದ್ದು ಸಾರ್ಥಕ ಆಯಿತು ಅಂತ ನನಗೆ ತುಂಬಾ ಖುಷಿ. ಬುಡದ ನಾಲ್ಕಾರು ಹಳೆ ಎಲೆ ಹಳದಿಯಾಗಿ ಉದುರುವುದು ಸಹಜ. ಬೇರು ಚೆನ್ನಾಗಿದ್ದರೆ ಬಳ್ಳಿ ಮತ್ತೆ ಚಿಗುರುತ್ತದೆ. ಸಾಧ್ಯವಾದರೆ ಇನ್ನೊಂದು ಬಳ್ಳಿ ಹಬ್ಬಿಸಿ, ಮರಿಗಳಿಗೆ ಸೊಪ್ಪು ಸಾಲಬೇಕಲ್ಲ.

ಮೊದಲು ಕೇಳಿದವರು: ಮೇಡಂ, ಚೆಂಡುಹೂ ಕಿತ್ತು ನೋಡಿದೆ. ಸಿಪ್ಪೆ ಹಾಗೇ ಜಾರಿ ಬಂತು, ನಾತವೂ ಇದೆ. ಸೂರಿನ ನೀರು ಬೀಳುವುದು ಸರಿಯಾಗಿ ಅಲ್ಲೇ. ಪಕ್ಕದ ರಥಪುಷ್ಪ ಚೆನ್ನಾಗಿದೆ.

ಉತ್ತರ: ಹಾಗಾದರೆ ಬಾಡಿದ ಚೆಂಡುಹೂವನ್ನೆಲ್ಲ ಬೇರು ಸಮೇತ ಕಿತ್ತು ದೂರ ಹಾಕಿ, ಗೊಬ್ಬರದ ಗುಂಡಿಗೆ ಬೇಡ. ಸೂರಿನ ನೀರು ಹರಿದು ಹೋಗಲು ಒಂದು ಗೇಣು ಆಳದ ಬಸಿಗಾಲುವೆ ತೆಗೆಯಿರಿ. ನೀರು ರಥಪುಷ್ಪದ ಕಡೆ ತಿರುಗದ ಹಾಗೆ ಇಳಿಜಾರು ನೋಡಿಕೊಳ್ಳಿ. ಹೊಸ ಸಸಿಯನ್ನು ಮಘೆ ಮಳೆ ಕಳೆದ ಮೇಲೆ ಬೇರೆ ಜಾಗದಲ್ಲಿ ಏರುಮಡಿ ಮಾಡಿ ನೆಡಿ. ಆ ಬಿಡುವಲ್ಲಿ ಗೋಡೆ ಪಕ್ಕದ ಮಣ್ಣು ಒಂದು ಚೀಲ, ದಾಸವಾಳದ ಬುಡದ್ದು ಇನ್ನೊಂದು ಚೀಲ ಬೇರೆ ಬೇರೆ ತೆಗೆದು, ನೆರಳಲ್ಲಿ ಒಣಗಿಸಿ, ಶಿವಮೊಗ್ಗ ನವಿಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆಗೆ ವಿಚಾರಿಸಿ. ರಿಪೋರ್ಟ್ ಬಂದರೆ ಇಲ್ಲೇ ಹಾಕಿ, ಎಷ್ಟು ಗೊಬ್ಬರ ಬೇಕು ಅಂತ ನೋಡಿ ಹೇಳುತ್ತೇನೆ.